ರೀಸೆಟ್ ಗುಂಡಿಗೆ ಕೈ ಹಾಕೋ ಮುಂಚೆ

ನೋಡು ತಮ್ಮಾ, ನೈಟ್ ಶಿಫ್ಟಿಗೆ ಹೊಸದಾಗಿ ಸೇರಿದ್ದೀಯ. ನಡುರಾತ್ರಿ ಯಾವುದೋ ಲಿನಕ್ಸ್ ಸರ್ವರ್ 'ಕರ್ನೆಲ್ ಪ್ಯಾನಿಕ್' ಅಂತ ತೋರಿಸಿ ನಿಂತುಬಿಡುತ್ತೆ. ಮೇಲಿನವರಿಂದ ಫೋನ್ ಮೇಲೆ ಫೋನ್. ಕೈ ತಾನಾಗಿ ರೀಸೆಟ್ ಕಡೆ ಹೋಗುತ್ತೆ. ಹೋಗಗೊಡಬೇಡ. ಮಹಜರು ಮುಗಿಯದೆ ಯಾರೂ ಹೆಣ ಎತ್ತೋದಿಲ್ಲ.

ಪರದೆ ಸ್ತಬ್ಧವಾಗಿ ಕಂಡರೂ ಒಳಗೆ ಕೆಲಸ ನಡೀತಿರಬಹುದು. ಕೆಡಂಪ್ ಹಾಕಿದ್ದರೆ, ಬೂಟ್ ಆಗುವಾಗಲೇ 256 ಎಂಬಿಯೋ ಇನ್ನೊಂದಿಷ್ಟೋ ಮೆಮೊರಿಯನ್ನು ಪಕ್ಕಕ್ಕೆ ಎತ್ತಿಟ್ಟು, ಅದರಲ್ಲಿ ಎರಡನೇ ಕರ್ನೆಲ್ ಒಂದನ್ನು ಕೂರಿಸಿರುತ್ತಾರೆ. ಮೊದಲನೆಯದು ಬಿದ್ದ ಕೂಡಲೇ ಇದು ಬಯೋಸ್ ಗೊಡವೆಗೆ ಹೋಗದೆ ಎದ್ದು, ಸತ್ತವನ ಮೆಮೊರಿಯನ್ನು ಡಿಸ್ಕಿಗೆ ಬರೆಯುತ್ತೆ. 2005ರಲ್ಲಿ ಲಿನಕ್ಸ್ 2.6.13ರ ಜೊತೆ ಬಂದ ಏರ್ಪಾಡು ಇದು. ಕಟ್ಟಿದವರಲ್ಲಿ ಐಬಿಎಂನ ಬೆಂಗಳೂರು ಕಚೇರಿಯ ಎಂಜಿನಿಯರುಗಳೂ ಇದ್ದರು, ಗೊತ್ತಿರಲಿ. ದೊಡ್ಡ ಮೆಮೊರಿಯ ಯಂತ್ರವಾದರೆ ಬರೆದು ಮುಗಿಸೋಕೆ ಹೊತ್ತು ಹಿಡಿಯುತ್ತೆ. ನಡುವೆ ಪವರ್ ಕಿತ್ತರೆ ಸಿಗೋದು ಅರ್ಧಂಬರ್ಧ ಫೈಲು. ಕೆಡಂಪ್ ಸರಿಯಾಗಿದೆ ಅಂತ ಬಾಯಿಮಾತಲ್ಲಿ ಹೇಳಿದರೆ ನಂಬಬೇಡ. ಟೆಸ್ಟ್ ಮಷೀನಿನಲ್ಲಿ ಸಿಸ್‌ಆರ್‌ಕ್ಯು ಟ್ರಿಗರ್‌ಗೆ 'ಸಿ' ಕೊಟ್ಟು, ಬೇಕಂತಲೇ ಬೀಳಿಸಿ ನೋಡು.

ಡಂಪ್ ಕೈಗೆ ಬಂತು ಅಂತಿಟ್ಟುಕೋ. ಬ್ಯಾಕ್‌ಟ್ರೇಸಿನ ಮೇಲ್ಗಡೆ ಕಾಣೋ ಫಂಕ್ಷನ್ನೇ ಕಳ್ಳ ಅಂತ ಡ್ರೈವರ್ ಬರೆದವನ ಮೇಲೆ ಟಿಕೆಟ್ ಹರಿಯಬೇಡ. ಮೊದಲು ಕರ್ನೆಲ್ ಎಡವಿದ ಮೆಮೊರಿ ವಿಳಾಸ ನೋಡು. 64 ಬಿಟ್ ಇಂಟೆಲ್, ಎಎಂಡಿ ಯಂತ್ರಗಳಲ್ಲಿ ಕರ್ನೆಲ್ ಪಾಯಿಂಟರ್ ಸಾಮಾನ್ಯವಾಗಿ 'ಎಫ್ ಎಫ್ ಎಫ್ ಎಫ್' ಅಂತ ಶುರುವಾಗುತ್ತೆ. ನಿನಗೆ ಸಿಕ್ಕಿದ್ದು 'ಎಫ್ ಎಫ್ ಎಫ್ 7' ಅಂತಿದ್ದು ಉಳಿದದ್ದೆಲ್ಲ ಸರಿಯಾಗಿದ್ದರೆ, ತಪ್ಪಿರೋದು ಒಂದೇ ಒಂದು ಬಿಟ್. ಕೆಟ್ಟ ಕೋಡ್ ಇಷ್ಟು ನಾಜೂಕಾಗಿ ಕೆಡಿಸೋದು ಅಪರೂಪ. ನಾನಾದರೆ ಮೊದಲು ರ‍್ಯಾಮ್ ಮೇಲೆ ಅನುಮಾನ ಪಡ್ತೀನಿ. 'ಟೇಂಟೆಡ್' ಅನ್ನೋ ಸಾಲಿನಲ್ಲಿ 'ಎಂ' ಅಕ್ಷರ ಇದೆಯಾ ನೋಡು. ಇದ್ದರೆ ಪ್ರೊಸೆಸರ್ರೇ ಮಷೀನ್ ಚೆಕ್ ದೂರು ಕೊಟ್ಟಿದೆ ಅಂತ.

ಇಸಿಸಿ ಮೆಮೊರಿ ಒಂದು ಬಿಟ್ ತಪ್ಪಿದರೆ ತಾನೇ ತಿದ್ದಿಕೊಳ್ಳುತ್ತೆ. ಮಾಮೂಲಿ ಇಸಿಸಿಯಲ್ಲಿ ಎರಡು ತಪ್ಪಿದರೆ ತಪ್ಪಿದೆ ಅಂತ ಕೂಗಬಲ್ಲುದು, ತಿದ್ದಲಾರದು. ತಿದ್ದಿದ ತಪ್ಪಿನ ಲೆಕ್ಕವನ್ನು ರಾಸ್‌ಡೀಮನ್ ಬರೆದಿಡುತ್ತೆ. 'ಕರೆಕ್ಟೆಡ್ ಅಂತಿದೆಯಲ್ಲ, ಬಿಡ್ರೀ' ಅನ್ನೋ ಹುಡುಗರನ್ನು ಕಂಡರೆ ನನಗೆ ಆಗೋದಿಲ್ಲ. ಒಂದೇ ಸ್ಲಾಟಿನ ಲೆಕ್ಕ ದಿನಾ ಏರ್ತಿದ್ದರೆ, ಹಗಲುಹೊತ್ತಲ್ಲಿ ಹೇಳಿಕೇಳಿ ಸರ್ವರ್ ಇಳಿಸಿ, ಅಲ್ಲಿರೋ ಮೆಮೊರಿ ಪಟ್ಟಿಯನ್ನು, ಅಂದರೆ ಡಿಮ್ಮನ್ನು, ಬೇರೆ ಸ್ಲಾಟಿಗೆ ಹಾಕು. ತಪ್ಪು ಅದರ ಹಿಂದೆಯೇ ಹೋದರೆ ಡಿಮ್ ಬದಲಾಯಿಸು. ಹಳೇ ಜಾಗದಲ್ಲೇ ಉಳಿದರೆ ಸ್ಲಾಟೋ, ಬೋರ್ಡೋ, ಪ್ರೊಸೆಸರಿನ ಮೆಮೊರಿ ಕಂಟ್ರೋಲರೋ ನೋಡಬೇಕು.

ಇನ್ನೊಂದು, ಡಂಪ್ ಫೈಲನ್ನು ವೆಂಡರ್ ಕೇಳಿದ ತಕ್ಷಣ ಕಳಿಸಿಬಿಡಬೇಡ. ಯೂಸರ್ ಪೇಜುಗಳನ್ನು ಸೋಸಿ ತೆಗೆದಿದ್ದರೂ ಕರ್ನೆಲ್ ಮೆಮೊರಿಯಲ್ಲಿ ಕೀಲಿಗಳು, ಗಿರಾಕಿಗಳ ಡೇಟಾ ಉಳಿದಿರಬಹುದು. ಸೆಕ್ಯುರಿಟಿಯವರ ಒಪ್ಪಿಗೆ ಮೇಲ್‌ನಲ್ಲಿ ಬರಲಿ, ಆಮೇಲೆ ಕಳಿಸು.