ಗರ್ಭಿಣಿಗೆ ಕೋವಿಡ್: ತಾಯಿಗೇನು, ಮಗುವಿಗೇನು?

ಗರ್ಭಿಣಿಯರಲ್ಲಿ ಹೆಚ್ಚಿನವರಿಗೆ ಕೋವಿಡ್ ನೆಗಡಿ-ಜ್ವರದಂತೆ ಬಂದು ಹೋಗುತ್ತದೆ. ಆದರೂ ಅದೇ ವಯಸ್ಸಿನ ಇತರ ಮಹಿಳೆಯರಿಗಿಂತ ಅವರಲ್ಲಿ ರೋಗ ಉಲ್ಬಣಿಸುವ ಸಂಭವ ಹೆಚ್ಚು; ಅವಧಿಗೆ ಮುನ್ನ ಹೆರಿಗೆಯಾಗುವ ಸಂಭವವೂ ಹೆಚ್ಚುತ್ತದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಸ್ಥೂಲಕಾಯ ಇದ್ದರೆ ಅಪಾಯ ಇನ್ನೂ ಜಾಸ್ತಿ.

ಗರ್ಭದಲ್ಲೇ ಮಗುವಿಗೆ ಸೋಂಕು ತಗಲುವುದು ಅಪರೂಪ, ಆದರೆ ಅಸಾಧ್ಯವಲ್ಲ. 2020ರ ಜುಲೈನಲ್ಲಿ ಪುಣೆಯ ಸಸೂನ್ ಆಸ್ಪತ್ರೆಯ ವೈದ್ಯರು ಇಂಥ ಒಂದು ಪ್ರಕರಣವನ್ನು ಪ್ರಕಟಿಸಿದರು. ದೇಶದಲ್ಲಿ ಇದೇ ಮೊದಲನೆಯದೆಂದು ಆಗ ವರದಿಯಾಯಿತು. ತಾಯಿಯ ಗಂಟಲು ದ್ರವದ ಪರೀಕ್ಷೆ ನೆಗೆಟಿವ್ ಬಂದಿದ್ದರೂ ಆಕೆಯ ರಕ್ತದಲ್ಲಿ ಪ್ರತಿಕಾಯಗಳಿದ್ದವು. ಮಗುವಿನ ಮೂಗಿನ ದ್ರವ, ಹೊಕ್ಕುಳಬಳ್ಳಿ ಮತ್ತು ಮಾಸುವಿನಲ್ಲಿ ವೈರಸ್ ಪತ್ತೆಯಾಯಿತು. ಹುಟ್ಟಿದ ಎರಡು-ಮೂರು ದಿನಗಳಲ್ಲಿ ಮಗುವಿಗೆ ಜ್ವರ, ತೀವ್ರ ಉರಿಯೂತ ಕಾಣಿಸಿಕೊಂಡವು. ತೀವ್ರ ನಿಗಾ ಘಟಕದ ಚಿಕಿತ್ಸೆಯಿಂದ ಅದು ಗುಣವಾಯಿತು. ಒಂದೇ ನೆಗೆಟಿವ್ ವರದಿಯಿಂದ ಸೋಂಕು ಇಲ್ಲವೆನ್ನಲಾಗದು ಎಂಬುದಕ್ಕೆ ಇದು ನಿದರ್ಶನ. ಸಾಮಾನ್ಯವಾಗಿ ಶಿಶುಗಳಿಗೆ ಸೋಂಕು ತಗಲುವುದು ಹುಟ್ಟಿದ ಮೇಲೆ, ಹತ್ತಿರದವರ ಉಸಿರಿನ ಹನಿಗಳಿಂದ.

ಕೋವಿಡ್ ಒಂದೇ ಕಾರಣಕ್ಕೆ ಸಿಸೇರಿಯನ್ ಬೇಕಿಲ್ಲ. ಎದೆಹಾಲು ನಿಲ್ಲಿಸಬೇಕಾಗಿಯೂ ಇಲ್ಲ. ಕೈ ತೊಳೆದು, ಮಾಸ್ಕ್ ಹಾಕಿ ಹಾಲುಣಿಸಿದರೆ ಸಾಕು. ಭಾರತದಲ್ಲಿ ಗರ್ಭಿಣಿಯರಿಗೆ ಲಸಿಕೆಗೆ ಅನುಮತಿ ದೊರೆತದ್ದು 2021ರ ಜುಲೈನಲ್ಲಿ. ಲಸಿಕೆಯಿಂದ ತಾಯಿಯಲ್ಲಿ ಉಂಟಾಗುವ ಪ್ರತಿಕಾಯಗಳು ಮಾಸುವಿನ ಮೂಲಕ ಮಗುವನ್ನೂ ತಲುಪುತ್ತವೆ. ಏದುಸಿರು, ಎದೆನೋವು, ಇಳಿಯದ ಜ್ವರ, ಮಗುವಿನ ಮಿಸುಕಾಟದಲ್ಲಿ ಇಳಿಕೆ ಇವುಗಳಲ್ಲಿ ಯಾವುದು ಕಂಡರೂ ಗರ್ಭಿಣಿಯನ್ನು ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.