ಮೂತ್ರ ಕಟ್ಟಿದಾಗ ಮುಚ್ಚಿಡಬಾರದು

ಹನಿ ಬಿದ್ದು ವುಝೂ ಕೆಡುತ್ತದೆಂಬ ಅಳುಕಿನಿಂದ ಮಸೀದಿಗೆ ಹೋಗುವುದನ್ನೇ ಕಡಿಮೆ ಮಾಡಿದ ಹಿರಿಯರನ್ನು ನಾನು ಕಂಡಿದ್ದೇನೆ. ಇದಕ್ಕೆ ಕಾರಣ ನಮ್ಮ ಜೀವಶಾಸ್ತ್ರದ ಪಾಠದಲ್ಲೇ ಇದೆ.

ಮೂತ್ರಕೋಶದಲ್ಲಿ ಸುಮಾರು 400ರಿಂದ 500 ಮಿಲಿಲೀಟರ್ ಮೂತ್ರ ಹಿಡಿಯುತ್ತದೆ. ಅದು ತುಂಬುತ್ತಿದ್ದಂತೆ ಗೋಡೆ ಹಿಗ್ಗಿ, ನರಗಳು ಮಿದುಳಿಗೆ ಸುದ್ದಿ ಮುಟ್ಟಿಸುತ್ತವೆ. ಆಗ ಕೋಶದ ಸ್ನಾಯು ಸಂಕುಚಿಸಬೇಕು, ಬಾಯಿಯನ್ನು ಬಿಗಿಹಿಡಿದ ಸ್ನಾಯು ಸಡಿಲಗೊಳ್ಳಬೇಕು. ದಾರಿ ಕಿರಿದಾದರೂ ನರ ಸೋತರೂ ಮೂತ್ರ ಪೂರ್ತಿ ಹೋಗದೆ ಒಳಗೇ ಉಳಿಯುತ್ತದೆ. ಆಮೇಲೆ ಹನಿಹನಿಯಾಗಿ ಸೋರಬಹುದು.

ವಯಸ್ಸಾದ ಗಂಡಸರಲ್ಲಿ ಪ್ರಾಸ್ಟೇಟ್ ಗ್ರಂಥಿ ದೊಡ್ಡದಾಗಿ ಮೂತ್ರನಾಳವನ್ನು ಒತ್ತುತ್ತದೆ. ಬಹುಕಾಲದ ಸಕ್ಕರೆ ಕಾಯಿಲೆ ನರಗಳನ್ನು ಕೆಡಿಸಬಹುದು. ನೆಗಡಿಯ ಕೆಲವು ಮಾತ್ರೆಗಳೂ ತೊಂದರೆ ಹೆಚ್ಚಿಸುತ್ತವೆ. ಮೆಡಿಕಲ್‌ನಿಂದ ಅವನ್ನು ತಂದುಕೊಡುವವರು ನಾವೇ, ನೆನಪಿರಲಿ.

ಉಳಿದ ಮೂತ್ರದಿಂದ ಸೋಂಕು, ಕಲ್ಲು ಉಂಟಾಗಬಹುದು, ಮೂತ್ರಪಿಂಡಕ್ಕೂ ಹಾನಿಯಾಗಬಹುದು. ಧಾರೆ ಸಣ್ಣದಾದರೆ, ರಾತ್ರಿ ಪದೇ ಪದೇ ಏಳಬೇಕಾದರೆ ವೈದ್ಯರಿಗೆ ತೋರಿಸಬೇಕು. ಕಿಬ್ಬೊಟ್ಟೆ ನೋವಿನೊಂದಿಗೆ ಮೂತ್ರ ಪೂರ್ತಿ ನಿಂತರೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕು. ಅಲ್ಲಿ ಕ್ಯಾಥೆಟರ್ ಎಂಬ ತೆಳು ಕೊಳವೆಯಿಂದ ಮೂತ್ರ ಹೊರತೆಗೆಯುತ್ತಾರೆ.

ಹನಿ ನಿಲ್ಲದವರಿಗೆ ನಮಾಝಿನಲ್ಲಿ ರಿಯಾಯಿತಿಯೂ ಇದೆ, ಉಸ್ತಾದರು ತಿಳಿಸಿಕೊಡುತ್ತಾರೆ. ಅಜ್ಜ ನಾಚಿಕೆಯಿಂದ ತಾವಾಗಿ ಹೇಳಲಾರರು. ನಾವೇ ಮೆಲ್ಲಗೆ ಕೇಳೋಣ.