ಒಂದು ವಾದ್ಯದ ಸಂಗೀತ, ಇನ್ನೊಂದು ವಾದ್ಯದಲ್ಲಿ

ಒಂದು ವಾದ್ಯಕ್ಕೆಂದು ರಚಿಸಿದ ಸಂಗೀತವನ್ನು ಮತ್ತೊಂದು ವಾದ್ಯಕ್ಕೆ ಹೊಂದಿಸುವುದನ್ನು ಪಾಶ್ಚಾತ್ಯರು ಟ್ರಾನ್ಸ್‌ಕ್ರಿಪ್ಷನ್ ಎನ್ನುತ್ತಾರೆ. ಇದನ್ನು ಬರೀ ನಕಲು ಎಂದು ಹಗುರವಾಗಿ ಕಾಣುವವರಿದ್ದಾರೆ. ನಾನು ಒಪ್ಪುವುದಿಲ್ಲ. ಬಾಖ್‌ನ ಪಿಟೀಲು ಸಂಗೀತವನ್ನು ನಾನು ಮೊದಲು ಕೇಳಿದ್ದೇ ಗಿಟಾರಿನಲ್ಲಿ, ಅದೂ ಮೊಬೈಲಿನಲ್ಲಿ. ಅಕ್ಕೋಳದಲ್ಲಿ ಕುಳಿತವರಿಗೆ ಬೇರೆ ದಾರಿ ಎಲ್ಲಿದೆ?

ಜರ್ಮನಿಯ ಯೋಹಾನ್ ಸೆಬಾಸ್ಟಿಯನ್ ಬಾಖ್ (1685–1750) ಬರೋಕ್ ಕಾಲದ ಸಂಗೀತಗಾರ. ಪಕ್ಕವಾದ್ಯವಿಲ್ಲದೆ ಒಂಟಿ ಪಿಟೀಲಿಗೆ ಆತ ಬರೆದ ಆರು ಕೃತಿಗಳ ಹಸ್ತಪ್ರತಿಯಲ್ಲಿ 1720 ಎಂಬ ಇಸವಿ ಇದೆ. ಪಿಟೀಲಿನ ನಾಲ್ಕು ತಂತಿಗಳು ಬಾಗಿದ ಕುದುರೆಯ ಮೇಲೆ ಕೂತಿರುವುದರಿಂದ ಕಮಾನು ಒಮ್ಮೆಗೆ ಎರಡನ್ನು ಮಾತ್ರ ಹಿಡಿದು ನುಡಿಸಬಲ್ಲದು. ನಾಲ್ಕು ಸ್ವರ ಬೇಕೆಂದರೆ ಒಡೆದು ನುಡಿಸಬೇಕು. ಬಾಖ್ ಎಷ್ಟೋ ಕಡೆ ಕೆಳಗಿನ ಸ್ವರವನ್ನು ಒಮ್ಮೆ ಮುಟ್ಟಿ ಬಿಡುತ್ತಾನೆ; ಉಳಿದದ್ದನ್ನು ಕೇಳುವವರ ಕಿವಿ ತುಂಬಿಕೊಳ್ಳುತ್ತದೆ. ಗಿಟಾರಿನಲ್ಲಿ ಆ ಸ್ವರ ನಿಜವಾಗಿಯೂ ಮೊಳಗುತ್ತಾ ಉಳಿಯುತ್ತದೆ. ಆದರೆ ಕಮಾನು ಒಂದೇ ಸ್ವರವನ್ನು ಎಳೆದು ಉಬ್ಬಿಸುತ್ತಿತ್ತಲ್ಲ, ಅದು ಹೋಗುತ್ತದೆ. ಮೀಟಿದ ಸ್ವರ ಆ ಕ್ಷಣದಿಂದಲೇ ಸಣ್ಣದಾಗತೊಡಗುತ್ತದೆ. ಕಾಮರ್ಸ್ ಓದುವ ನನಗೆ ಇದು ಜಮಾ–ಖರ್ಚಿನಂತೆ ಕಾಣುತ್ತದೆ, ಆದರೆ ಈ ಖಾತೆಯ ಎರಡು ಬದಿಗಳು ಟ್ಯಾಲಿ ಆಗುವುದಿಲ್ಲ. ಮನೆಯಲ್ಲಿ ಉರ್ದು ಮಾತನಾಡಿ ಇಲ್ಲಿ ಕನ್ನಡದಲ್ಲಿ ಬರೆಯುವವರಿಗೆ ಇದು ಹೊಸದಲ್ಲ. ಅಮ್ಮಿಯ ಒಂದು ಗಾದೆಯನ್ನು ಕನ್ನಡಕ್ಕೆ ತರಬೇಕಾದರೆ ಪದ ಬದಲಿಸಬೇಕು, ಕೆಲವೊಮ್ಮೆ ಗಾದೆಯನ್ನೇ ಬದಲಿಸಬೇಕು.

ಬಾಖ್ ತಾನೇ ಇದನ್ನು ಮಾಡಿದ್ದಾನೆ. ಆರನೆಯ ಕೃತಿಯ ಮೊದಲ ಭಾಗವನ್ನು 1731ರಲ್ಲಿ ಲೈಪ್ಜಿಗ್ ನಗರಸಭೆಯ ಸಮಾರಂಭಕ್ಕಾಗಿ ಆರ್ಗನ್, ತುತ್ತೂರಿ, ನಗಾರಿಗಳಿಗೆ ಹೊಂದಿಸಿದ. ಎರಡನೆಯ ಪಾರ್ಟಿಟಾದ ಕೊನೆಗೆ ಬರುವ ‘ಶಾಕೋನ್’ ಅನ್ನು ಬ್ರಾಹ್ಮ್ಸ್ 1877ರಲ್ಲಿ ಪಿಯಾನೋಗೆ ತಂದ, ಅದೂ ಎಡಗೈಗೆ ಮಾತ್ರ. ಎರಡು ಕೈ ಬಳಸಿದರೆ ಪಿಟೀಲುಗಾರ ಪಡುವ ಕಷ್ಟ ತಿಳಿಯುವುದಿಲ್ಲವಲ್ಲ! ಅದನ್ನು ಕ್ಲಾರಾ ಶೂಮನ್‌ಗೆ ಕಳಿಸಿದಾಗ ಕಾಕತಾಳೀಯವಾಗಿ ಆಕೆಯ ಬಲಗೈ ಉಳುಕಿತ್ತು. ಬುಸೋನಿ ಅದನ್ನೇ ಎರಡು ಕೈಗಳಿಗೆ ಭರ್ಜರಿಯಾಗಿ ಬರೆದಿದ್ದಾನೆ. ನನಗೆ ಬ್ರಾಹ್ಮ್ಸ್‌ನದೇ ಹೆಚ್ಚು ಇಷ್ಟ.

ನಮ್ಮ ಧಾರವಾಡದಲ್ಲೂ ಇಂಥ ಕೆಲಸ ನಡೆದಿದೆ. ಸಿತಾರರತ್ನ ಉಸ್ತಾದ್ ರಹಿಮತ್ ಖಾನರು ಬೀನ್‌ಕಾರ ಬಂದೇ ಅಲಿ ಖಾನರ ಶಿಷ್ಯರು. ಬೀನ್ ಅಂದರೆ ಇಲ್ಲಿ ರುದ್ರವೀಣೆ, ಹಾವಾಡಿಗರ ಪುಂಗಿ ಅಲ್ಲ. ಅದರ ಗಂಭೀರವಾದ, ನಿಧಾನದ ಆಲಾಪಕ್ಕೆ ಕೆಳಗಿನ ಸಪ್ತಕ ಬೇಕೇ ಬೇಕು. ರಹಿಮತ್ ಖಾನರು ಸಿತಾರಿನ ತಂತಿಗಳ ಜೋಡಣೆಯನ್ನೇ ಬದಲಿಸಿ ಖರ್ಜದ ತಂತಿಗಳಿಗೆ ಜಾಗ ಮಾಡಿದರು. ಬಾಖ್‌ನದು ಕಾಗದದ ಮೇಲಿನ ಸಂಗೀತ, ಆದ್ದರಿಂದ ಅಲ್ಲಿ ಸ್ವರಗಳನ್ನು ತಿದ್ದಿದರು. ನಮ್ಮಲ್ಲಿ ಬರೆದಿಟ್ಟದ್ದು ಕಡಿಮೆ, ಆದ್ದರಿಂದ ವಾದ್ಯವನ್ನೇ ತಿದ್ದಿದರು.

ಎಲ್ಲ ವಾದ್ಯಕ್ಕೂ ಎಲ್ಲವೂ ಒಗ್ಗುತ್ತದೆ ಎಂದು ನಾನು ಹೇಳುತ್ತಿಲ್ಲ. ಹಾರ್ಮೋನಿಯಂನ ಮನೆಗಳ ನಡುವೆ ಮೀಂಡ್ ಜಾರುವುದಿಲ್ಲ. ಇಂಥ ದೂರುಗಳಿಂದಲೇ ಆಕಾಶವಾಣಿ 1940ರಿಂದ 1971ರವರೆಗೆ ಅದನ್ನು ಹೊರಗಿಟ್ಟಿತ್ತು. ಆದರೂ ನಮ್ಮ ಕಡೆ ಭಜನೆ, ಕವ್ವಾಲಿ, ನಾಟಕ ಯಾವುದೂ ಅದನ್ನು ಬಿಡಲಿಲ್ಲ.

ಬೀನ್ ನುಡಿಸುವವರು ಈಗ ತೀರ ವಿರಳ. ಆದರೆ ರಹಿಮತ್ ಖಾನರ ಮೊಮ್ಮಗ ಉಸ್ತಾದ್ ಬಾಲೇ ಖಾನರ (1942–2007) ಸಿತಾರ್ ಧ್ವನಿಮುದ್ರಣಗಳು ಸಿಗುತ್ತವೆ. ಮೊದಲ ಹತ್ತು ನಿಮಿಷ ದಾಟಿಸದೆ ಕೇಳಿ. ಮೊಬೈಲ್ ಸ್ಪೀಕರಿನಲ್ಲಿ ಖರ್ಜ ಸರಿಯಾಗಿ ಕೇಳಿಸುವುದಿಲ್ಲ, ಇಯರ್‌ಫೋನ್ ಹಾಕಿಕೊಳ್ಳಿ.